ಮುಗ್ಗಟ್ಟಿನ ಕಾಲದ ಕ್ರಿಸ್‌ಮಸ್, ಮನೆಗೆ ಬಾರದ ಅಪ್ಪ

1971ರ ಡಿಸೆಂಬರ್ 19, ಭಾನುವಾರ. ಕ್ರಿಸ್‌ಮಸ್‌ಗೆ ಇನ್ನು ಆರು ದಿನಗಳಿದ್ದವು. ಅಮೆರಿಕದ ಸಿಬಿಎಸ್ ಟೆಲಿವಿಷನ್ ಸಂಸ್ಥೆ ಅಂದು ರಾತ್ರಿ 'ದಿ ಹೋಮ್‌ಕಮಿಂಗ್' ಎಂಬ ಚಿತ್ರವನ್ನು ಪ್ರಸಾರ ಮಾಡಿತು. ಮನೆಗೆ ಮರಳುವುದು ಎಂಬುದು ಆ ಹೆಸರಿನ ಅರ್ಥ. ಹಬ್ಬದ ದಿನಗಳಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಲೆಂದು ಇಂಥ ಚಿತ್ರಗಳನ್ನು ತೋರಿಸುವುದು ಅಲ್ಲಿನ ವಾಡಿಕೆ. ಹಿಮ, ಹಾಡು, ಉಡುಗೊರೆ, ಕೊನೆಗೊಂದು ಸುಖಾಂತ್ಯ ಇಷ್ಟಿದ್ದರೆ ನೋಡುವವರಿಗೆ ಸಾಕು. ಈ ಚಿತ್ರದಲ್ಲಿಯೂ ಅವೆಲ್ಲ ಇದ್ದವು. ಆದರೆ ಕಥೆ ನಡೆಯುವ ಕಾಲ ಮಾತ್ರ ಹಬ್ಬಕ್ಕೆ ಒಗ್ಗುವಂಥದ್ದಾಗಿರಲಿಲ್ಲ. ಅದು 1933ರ ಕ್ರಿಸ್‌ಮಸ್ ಹಿಂದಿನ ದಿನ. ಅಮೆರಿಕ ತನ್ನ ಇತಿಹಾಸದ ಅತಿ ದೊಡ್ಡ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಲುಕಿದ್ದ ವರ್ಷ.

ಚಿತ್ರವನ್ನು ಜನ ಎಷ್ಟು ಮೆಚ್ಚಿದರೆಂದರೆ, ಅದೇ ಕುಟುಂಬದ ಕಥೆಯನ್ನು ಮುಂದುವರಿಸಿ ಮರುವರ್ಷವೇ 'ದಿ ವಾಲ್ಟನ್ಸ್' ಎಂಬ ಧಾರಾವಾಹಿ ಆರಂಭವಾಯಿತು. 1972ರ ಸೆಪ್ಟೆಂಬರ್‌ನಿಂದ 1981ರ ಜೂನ್‌ವರೆಗೆ ಒಂಬತ್ತು ಋತುಗಳ ಕಾಲ ಅದು ನಡೆಯಿತು. ಮನೆಮನೆಗೂ ಬಣ್ಣದ ಟೆಲಿವಿಷನ್ ಬರುತ್ತಿದ್ದ ಶ್ರೀಮಂತ ದೇಶವೊಂದು, ಕಾಸಿಗೆ ಕಾಸು ಕೂಡಿಸಿ ಬದುಕುವ ಹಳ್ಳಿಯ ಸಂಸಾರದ ಜೊತೆ ಹಬ್ಬ ಕಳೆಯಲು ಏಕೆ ಬಯಸಿತು? ಆ ಬಡತನದಲ್ಲಿ ನೋಡುಗರು ಕಂಡದ್ದೇನು, ಕಾಣದೆ ಹೋದದ್ದೇನು? ಒಂದು ಹಬ್ಬದ ಚಿತ್ರವನ್ನು ಇತಿಹಾಸದ ದೃಷ್ಟಿಯಿಂದ ನೋಡುವಾಗ ಈ ಎರಡು ಪ್ರಶ್ನೆಗಳು ಏಳುತ್ತವೆ.

ಬಳಪದ ಕಲ್ಲಿನ ಊರು

ಕಥೆಯನ್ನು ಬರೆದವರು ಅರ್ಲ್ ಹ್ಯಾಮ್ನರ್. 1923ರಲ್ಲಿ ವರ್ಜೀನಿಯಾ ರಾಜ್ಯದ ಸ್ಕೈಲರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಎಂಟು ಮಕ್ಕಳಲ್ಲಿ ಹಿರಿಯರು. ಬ್ಲೂ ರಿಡ್ಜ್ ಬೆಟ್ಟಸಾಲಿನ ಸಮೀಪದ ಈ ಊರು ಬದುಕುತ್ತಿದ್ದುದು ಬಳಪದ ಕಲ್ಲಿನ ಗಣಿ ಮತ್ತು ಕಾರ್ಖಾನೆಯಿಂದ. ಬೇಲೂರು, ಹಳೇಬೀಡುಗಳ ಶಿಲ್ಪಗಳನ್ನು ಕಂಡವರಿಗೆ ಬಳಪದ ಕಲ್ಲಿನ ಪರಿಚಯ ಇದ್ದೇ ಇರುತ್ತದೆ. ಸ್ಕೈಲರ್‌ನ ಕಲ್ಲು ಮಾತ್ರ ಶಿಲ್ಪವಾಗಲು ಹೋಗಲಿಲ್ಲ. ಬಟ್ಟೆ ಒಗೆಯುವ ತೊಟ್ಟಿ, ಅಡುಗೆಮನೆಯ ಸಿಂಕು, ಪ್ರಯೋಗಾಲಯದ ಮೇಜಿನ ಹಾಸು ಮುಂತಾದ ದಿನಬಳಕೆಯ ವಸ್ತುಗಳಾಗಿ ಅದು ದೇಶದ ಮೂಲೆಮೂಲೆಗೂ ಹೋಗುತ್ತಿತ್ತು. ಹ್ಯಾಮ್ನರ್ ಅವರ ತಂದೆಯೂ ಅಲ್ಲಿಯೇ ಕೆಲಸಕ್ಕಿದ್ದರು.

1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಷೇರುಪೇಟೆ ಕುಸಿಯಿತು. ಅದರ ಬೆನ್ನಿಗೇ ಬ್ಯಾಂಕುಗಳು ಮುಳುಗಿದವು, ಕಾರ್ಖಾನೆಗಳು ಬಾಗಿಲು ಹಾಕಿದವು, ಬೆಳೆಗೆ ಬೆಲೆ ಇಲ್ಲದಾಯಿತು. 1933ರ ಹೊತ್ತಿಗೆ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ನಾಲ್ವರಿಗೊಬ್ಬರು, ಅಂದರೆ ಹೆಚ್ಚು ಕಡಿಮೆ 1 ಕೋಟಿ 28 ಲಕ್ಷ ಮಂದಿ, ನಿರುದ್ಯೋಗಿಗಳಾಗಿದ್ದರು. ಮುಗ್ಗಟ್ಟು ಒಂದು ದೇಶಕ್ಕೆ ಸೀಮಿತವಾಗಿರಲಿಲ್ಲ. ರೇಷ್ಮೆಯ ಬೆಲೆ ಬಿದ್ದಾಗ ಮೈಸೂರು ಸೀಮೆಯ ರೈತರಿಗೂ ಅದರ ಬಿಸಿ ತಟ್ಟಿತ್ತು. ಹೊಸ ಮನೆ ಕಟ್ಟುವವರೇ ಇಲ್ಲದ ಮೇಲೆ ಸಿಂಕು, ತೊಟ್ಟಿಗಳನ್ನು ಕೊಳ್ಳುವವರು ಯಾರು? ಸ್ಕೈಲರ್‌ನ ಕಲ್ಲಿನ ಕೆಲಸ ನಿಂತಿತು.

ಹ್ಯಾಮ್ನರ್ ಅವರ ತಂದೆಗೆ ಬೇರೆ ಕೆಲಸ ಸಿಕ್ಕಿದ್ದು ಸುಮಾರು 30 ಮೈಲಿ ದೂರದ ವೇನ್ಸ್‌ಬರೋ ಪಟ್ಟಣದ ಡುಪಾಂಟ್ ಕಾರ್ಖಾನೆಯಲ್ಲಿ. ದಿನವೂ ಹೋಗಿ ಬರುವ ದೂರ ಅದಾಗಿರಲಿಲ್ಲ. ವಾರವಿಡೀ ಅಲ್ಲಿಯೇ ಬಾಡಿಗೆಯ ಕೋಣೆಯಲ್ಲಿ ಉಳಿದು, ವಾರದ ಕೊನೆಗೆ ಬಸ್ಸು ಹತ್ತಿ ಹೆದ್ದಾರಿಯಲ್ಲಿ ಇಳಿದು, ಅಲ್ಲಿಂದ ಆರು ಮೈಲಿ ನಡೆದು ಅವರು ಮನೆ ಸೇರುತ್ತಿದ್ದರು. 1933ರ ಕ್ರಿಸ್‌ಮಸ್ ಹಿಂದಿನ ದಿನ ಅವರು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹತ್ತು ವರ್ಷದ ಬಾಲಕ ಹ್ಯಾಮ್ನರ್‌ನ ಮನಸ್ಸಿನಲ್ಲಿ ಉಳಿದ ಆ ರಾತ್ರಿ, 37 ವರ್ಷಗಳ ಬಳಿಕ, 1970ರಲ್ಲಿ ಒಂದು ಕಿರುಕಾದಂಬರಿಯಾಯಿತು. ಮರುವರ್ಷ ಹ್ಯಾಮ್ನರ್ ಅವರೇ ಅದಕ್ಕೆ ಚಿತ್ರಕಥೆ ಬರೆದರು. ಫೀಲ್ಡರ್ ಕುಕ್ ನಿರ್ದೇಶಿಸಿದರು.

ಕಾಯುವುದೇ ಕಥೆ

ಚಿತ್ರದ ಕಥೆ ಬಹಳ ಸರಳ. ವಾಲ್ಟನ್ ಕುಟುಂಬದಲ್ಲಿ ತಾಯಿ ಒಲಿವಿಯಾ, ಏಳು ಮಂದಿ ಮಕ್ಕಳು, ಅಜ್ಜ, ಅಜ್ಜಿ. ತಂದೆ ಜಾನ್ ದೂರದ ಊರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಹಬ್ಬಕ್ಕೆ ಬರಬೇಕು. ಮಕ್ಕಳು ಅಕ್ರೋಟು ಒಡೆಯುತ್ತಾರೆ, ತಾಯಿ ಕೇಕು ಬೇಯಿಸುತ್ತಾಳೆ, ಕ್ರಿಸ್‌ಮಸ್ ಗಿಡ ಸಿದ್ಧವಾಗುತ್ತದೆ. ಕತ್ತಲಾದರೂ ತಂದೆಯ ಸುಳಿವಿಲ್ಲ. ಅಷ್ಟರಲ್ಲಿ ಬಸ್ಸೊಂದು ಅಪಘಾತಕ್ಕೀಡಾದ ಸುದ್ದಿ ಬರುತ್ತದೆ. ತಾಯಿ ಹಿರಿಯ ಮಗ ಜಾನ್-ಬಾಯ್‌ನನ್ನು ಅಪ್ಪನನ್ನು ಹುಡುಕಿಕೊಂಡು ಬಾ ಎಂದು ಹಿಮದಲ್ಲಿ ಕಳುಹಿಸುತ್ತಾಳೆ.

ಹುಡುಗ ಹೋಗುವ ದಾರಿಯಲ್ಲಿ ಆ ಕಾಲದ ಹಳ್ಳಿಯ ಚಿತ್ರ ತೆರೆದುಕೊಳ್ಳುತ್ತದೆ. ಚಾರ್ಲಿ ಎಂಬಾತ ಇದ್ದವರಿಂದ ಕದ್ದು ಇಲ್ಲದವರಿಗೆ ಹಂಚುವವನು. ಹಬ್ಬದ ದಿನವೇ ಶೆರೀಫನ ಕೈಗೆ ಸಿಕ್ಕಿಬೀಳುತ್ತಾನೆ. ಕಪ್ಪು ಜನರ ಚರ್ಚಿನಲ್ಲಿ ಹಬ್ಬದ ಪ್ರಾರ್ಥನೆ ನಡೆದಿರುತ್ತದೆ. ಅಲ್ಲಿನ ಬೋಧಕ ಹುಡುಗನ ನೆರವಿಗೆ ಬರುತ್ತಾನೆ. ಬಾಲ್ಡ್‌ವಿನ್ ಅಕ್ಕತಂಗಿಯರು ಗತವೈಭವದ ನೆನಪಿನಲ್ಲಿ ದೊಡ್ಡ ಮನೆಯಲ್ಲಿ ಇಬ್ಬರೇ ಬದುಕುವ ವೃದ್ಧೆಯರು. ತಮ್ಮ ತಂದೆಯಿಂದ ಬಂದ ಪಾಕ ಎಂದು ಅವರು ಭಕ್ತಿಯಿಂದ ಇಳಿಸುವುದು ನಿಜವಾಗಿ ಕಳ್ಳಭಟ್ಟಿ. ಅಮೆರಿಕದಲ್ಲಿ ಹದಿಮೂರು ವರ್ಷ ಜಾರಿಯಲ್ಲಿದ್ದ ಪಾನನಿಷೇಧವನ್ನು ಸಂವಿಧಾನದ 21ನೇ ತಿದ್ದುಪಡಿ ರದ್ದುಗೊಳಿಸಿದ್ದು 1933ರ ಡಿಸೆಂಬರ್ 5ರಂದು, ಅಂದರೆ ಕಥೆ ನಡೆಯುವ ರಾತ್ರಿಗೆ ಕೇವಲ ಹತ್ತೊಂಬತ್ತು ದಿನಗಳ ಹಿಂದೆ. ಇದು ನೆನಪಿದ್ದರೆ ಆ ದೃಶ್ಯದ ನಗು ಇನ್ನಷ್ಟು ಅರ್ಥವಾಗುತ್ತದೆ.

ಚಿತ್ರದಲ್ಲಿ ಮನ ಕಲಕುವ ಒಂದು ಸಣ್ಣ ಪ್ರಸಂಗವಿದೆ. ದೂರದ ಪಟ್ಟಣದಿಂದ ಧರ್ಮಕಾರ್ಯಕ್ಕೆಂದು ಬಂದ ಮಹಿಳೆಯೊಬ್ಬರು ಅಂಗಡಿಯ ಬಳಿ ಮಕ್ಕಳನ್ನು ಸೇರಿಸಿ, ಬೈಬಲ್ಲಿನ ವಾಕ್ಯ ಒಪ್ಪಿಸಿದವರಿಗೆ ಉಡುಗೊರೆ ಕೊಡುತ್ತಾರೆ. ವಾಲ್ಟನ್ ಮಕ್ಕಳಲ್ಲೊಬ್ಬಳಿಗೆ ಸಿಗುವುದು ಮುಖ ಒಡೆದ ಗೊಂಬೆ. ಕೊಡುವವರಿಗೆ ಬೇಡವಾದದ್ದು ಪಡೆಯುವವರ ಪಾಲಿಗೆ ಉಡುಗೊರೆಯಾಗುವ ಈ ಕ್ಷಣವನ್ನು ಚಿತ್ರ ಯಾವ ಭಾಷಣವೂ ಇಲ್ಲದೆ ತೋರಿಸಿ ಮುಂದೆ ಸಾಗುತ್ತದೆ.

ಕೊನೆಗೆ ತಂದೆ ಬರುತ್ತಾನೆ. ಬಟವಾಡೆಯ ಹಣವನ್ನೆಲ್ಲ ಮಕ್ಕಳ ಉಡುಗೊರೆಗೆ ಸುರಿದಿರುತ್ತಾನೆ. ಹಿರಿಯ ಮಗನಿಗೆ ತಂದದ್ದು ಬರೆಯುವ ಕಾಗದದ ಪುಸ್ತಕಗಳು. ಹುಡುಗ ಕದ ಹಾಕಿಕೊಂಡು ಗುಟ್ಟಾಗಿ ಬರೆಯುತ್ತಿದ್ದ. ಬರವಣಿಗೆಯಂಥ ಹೊಟ್ಟೆಗಿಲ್ಲದ ಕೆಲಸವನ್ನು ಅಪ್ಪ ಒಪ್ಪಲಾರ ಎಂಬ ಭಯ ಅವನಿಗಿತ್ತು. ಅಪ್ಪನಿಗೆ ಆ ಗುಟ್ಟು ಮೊದಲೇ ತಿಳಿದಿತ್ತು. ಮುಂದಿನ ವಾರದ ಊಟಕ್ಕೆ ಏನು ಗತಿ ಎಂಬ ತಾಯಿಯ ಆತಂಕಕ್ಕೆ ಮಾತ್ರ ಚಿತ್ರದಲ್ಲಿ ಪ್ರೀತಿಯ ಮಾತಲ್ಲದೆ ಬೇರೆ ಉತ್ತರವಿಲ್ಲ.

ತಾಯಿಯ ಪಾತ್ರ ವಹಿಸಿದವರು ಪೆಟ್ರೀಷಿಯಾ ನೀಲ್. 1963ರ 'ಹಡ್' ಚಿತ್ರಕ್ಕಾಗಿ ಆಸ್ಕರ್ ಗೆದ್ದಿದ್ದ ಈ ನಟಿ 1965ರಲ್ಲಿ ಮೆದುಳಿನ ರಕ್ತಸ್ರಾವಕ್ಕೀಡಾಗಿ, ನಡೆಯುವುದನ್ನೂ ಮಾತನಾಡುವುದನ್ನೂ ಹೊಸದಾಗಿ ಕಲಿತವರು. ಒಲಿವಿಯಾಳ ಬಿಗಿದ ಮುಖದಲ್ಲಿ ಕಾಣುವ ದೃಢತೆ ಅವರಿಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿಯನ್ನು ತಂದಿತು. ಅಜ್ಜನಾಗಿ ನಟಿಸಿದ ಎಡ್ಗರ್ ಬರ್ಗನ್, ಮಾತನಾಡುವ ಗೊಂಬೆಯೊಡನೆ 1930ರ ದಶಕದಲ್ಲೇ ರೇಡಿಯೋದಲ್ಲಿ ಮನೆಮಾತಾಗಿದ್ದ ಕಲಾವಿದ. ಮುಗ್ಗಟ್ಟಿನ ದಿನಗಳನ್ನು ಕಂಡ ನೋಡುಗರಿಗೆ ಅವರ ದನಿಯೇ ಆ ಕಾಲದ ನೆನಪಾಗಿತ್ತು.

ಹಬ್ಬಕ್ಕೂ ಅಭಾವಕ್ಕೂ ಇರುವ ನಂಟು

ಕ್ರಿಸ್‌ಮಸ್ ಕಥೆಗಳಿಗೆ ಬಡತನದ ಹಿನ್ನೆಲೆ ಹೊಸದಲ್ಲ. 1843ರಲ್ಲಿ ಚಾರ್ಲ್ಸ್ ಡಿಕನ್ಸ್ 'ಎ ಕ್ರಿಸ್‌ಮಸ್ ಕೆರೊಲ್' ಬರೆದಾಗ ಇಂಗ್ಲೆಂಡಿನ ಕಾರ್ಮಿಕರು ಹಸಿವಿನ ದಶಕವೆಂದೇ ಮುಂದೆ ಹೆಸರಾದ ಕಾಲದಲ್ಲಿದ್ದರು. ಅಮೆರಿಕದ ಓ. ಹೆನ್ರಿ 1905ರಲ್ಲಿ ಬರೆದ ಪ್ರಸಿದ್ಧ ಸಣ್ಣಕಥೆಯ ಗಂಡಹೆಂಡಿರು, ಒಬ್ಬರಿಗೊಬ್ಬರು ಉಡುಗೊರೆ ತರಲು ತಮ್ಮಲ್ಲಿದ್ದ ಒಂದೇ ಒಂದು ಅಮೂಲ್ಯ ವಸ್ತುವನ್ನು ಮಾರುತ್ತಾರೆ. ಟ್ರೂಮನ್ ಕಪೋಟಿ ಅವರ ಬಾಲ್ಯದ ನೆನಪಿನ ಕಥೆ 'ಎ ಕ್ರಿಸ್‌ಮಸ್ ಮೆಮೊರಿ' 1930ರ ದಶಕದ ಅಲಬಾಮಾದಲ್ಲಿ ನಡೆಯುತ್ತದೆ. 1966ರಲ್ಲಿ ಅದೂ ಟೆಲಿವಿಷನ್ ನಾಟಕವಾಗಿ ಎಮ್ಮಿ ಪ್ರಶಸ್ತಿ ಪಡೆಯಿತು.

ಇದಕ್ಕೆ ಕಾರಣ ಕಷ್ಟಕರವಾದುದೇನಲ್ಲ. ಹಬ್ಬವೆಂದರೆ ಮನೆಯ ಆದಾಯ ಎಲ್ಲರ ಕಣ್ಣಿಗೂ ಬೀಳುವ ದಿನ. ಉಳಿದ ದಿನಗಳಲ್ಲಿ ಹೇಗೋ ಮುಚ್ಚಿಟ್ಟ ಕೊರತೆ ಅಂದು ಮಕ್ಕಳಿಗೂ ತಿಳಿದುಬಿಡುತ್ತದೆ. ಹೊಸ ಬಟ್ಟೆ ಬಂತೇ, ಸಿಹಿ ಮಾಡಿದರೇ, ದೂರ ಹೋದವರು ಬಂದರೇ ಎಂಬ ಮೂರು ಪ್ರಶ್ನೆಗಳಲ್ಲಿ ಒಂದು ಸಂಸಾರದ ಇಡೀ ವರ್ಷದ ಲೆಕ್ಕ ಅಡಗಿರುತ್ತದೆ. ಕ್ರಿಸ್‌ಮಸ್ ಆಚರಿಸದವರಿಗೂ ಹ್ಯಾಮ್ನರ್ ಅವರ ಕಥೆ ಅರ್ಥವಾಗುವುದು ಇದರಿಂದಲೇ.

ಹಿಂತಿರುಗಿ ನೋಡಿದ ಅಮೆರಿಕ

ಚಿತ್ರ ಬಂದ 1971 ಅಮೆರಿಕಕ್ಕೆ ನೆಮ್ಮದಿಯ ವರ್ಷವಾಗಿರಲಿಲ್ಲ. ವಿಯೆಟ್ನಾಂನಲ್ಲಿ ಅದರ ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಇನ್ನೂ ಉಳಿದಿದ್ದರು. ಬೆಲೆಯೇರಿಕೆಯನ್ನು ತಡೆಯಲು ಆಗಸ್ಟ್ 15ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ಬೆಲೆ ಮತ್ತು ವೇತನಗಳನ್ನು 90 ದಿನ ಸ್ತಂಭನಗೊಳಿಸಿದ್ದರು. ಡಾಲರಿಗೂ ಚಿನ್ನಕ್ಕೂ ಇದ್ದ ನಂಟನ್ನು ಕಡಿದಿದ್ದೂ ಅಂದೇ. ನಿರುದ್ಯೋಗ ಶೇ. 6ರ ಆಸುಪಾಸಿನಲ್ಲಿತ್ತು. ಯುದ್ಧದ ವಿಷಯದಲ್ಲಿ ಅಪ್ಪ-ಮಕ್ಕಳ ನಡುವೆಯೇ ಬಿರುಕು ಬಿಟ್ಟ ಮನೆಗಳು ಬಹಳವಿದ್ದವು.

ಟೆಲಿವಿಷನ್ ಕಂಪನಿಗಳ ಲೆಕ್ಕಾಚಾರ ಆಗ ಬೇರೆಯೇ ಇತ್ತು. ಜಾಹೀರಾತುದಾರರಿಗೆ ಬೇಕಾದವರು ನಗರದ ಯುವಜನರೆಂದು, ಅದೇ 1971ರಲ್ಲಿ ಸಿಬಿಎಸ್ ತನ್ನ ಜನಪ್ರಿಯ ಹಳ್ಳಿಗಾಡಿನ ಕಾರ್ಯಕ್ರಮಗಳನ್ನು ಒಂದರ ಮೇಲೊಂದರಂತೆ ನಿಲ್ಲಿಸಿತ್ತು. 'ದಿ ಬೆವರ್ಲಿ ಹಿಲ್‌ಬಿಲ್ಲೀಸ್', 'ಗ್ರೀನ್ ಏಕರ್ಸ್' ಮುಂತಾದವು ಹೋದದ್ದು ಆಗಲೇ. ಬೆಟ್ಟದ ತಪ್ಪಲಿನ ಜನರನ್ನು ನಗೆಪಾಟಲಿಗೆ ಬಳಸುತ್ತಿದ್ದ ಕಾರ್ಯಕ್ರಮಗಳು ಹೋಗಿ, ವರ್ಷಾಂತ್ಯಕ್ಕೆ ಅದೇ ಜನರನ್ನು ಗೌರವದಿಂದ ನೋಡುವ ಚಿತ್ರವೊಂದು ಅದೇ ಸಂಸ್ಥೆಯಿಂದ ಬಂದಿತು.

ಧಾರಾವಾಹಿ ಶುರುವಾದಾಗ ಅದು ಬಹಳ ಕಾಲ ಬಾಳುವುದೆಂದು ನಂಬಿದವರು ಕಡಿಮೆ. ಗುರುವಾರ ರಾತ್ರಿ ಅದೇ ಹೊತ್ತಿಗೆ ಎನ್‌ಬಿಸಿಯಲ್ಲಿ ಫ್ಲಿಪ್ ವಿಲ್ಸನ್ ಅವರ ಅಪಾರ ಜನಪ್ರಿಯ ಹಾಸ್ಯ ಕಾರ್ಯಕ್ರಮವಿತ್ತು. ಆದರೆ ಎರಡನೆಯ ಋತುವಿನಲ್ಲಿ, 1973-74ರಲ್ಲಿ, 'ದಿ ವಾಲ್ಟನ್ಸ್' ಇಡೀ ದೇಶದಲ್ಲಿ ಎರಡನೆಯ ಸ್ಥಾನಕ್ಕೇರಿತು. ಅದು ಅರಬ್ ರಾಷ್ಟ್ರಗಳ ತೈಲ ನಿರ್ಬಂಧದ ಚಳಿಗಾಲ. ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಸಾಲು ಬೆಳೆದಿತ್ತು. 1975ರ ಮೇ ತಿಂಗಳಿಗೆ ನಿರುದ್ಯೋಗ ಶೇ. 9ಕ್ಕೆ ಮುಟ್ಟಿತು. ತಮ್ಮ ಕಾಲದ ಕಷ್ಟ ಎಲ್ಲಿಗೆ ಮುಟ್ಟುವುದೋ ತಿಳಿಯದ ಜನ, ಕಷ್ಟವನ್ನು ಉಂಡು ದಾಟಿದವರ ಕಥೆಯನ್ನು ಪ್ರತಿ ಗುರುವಾರ ನೋಡಿದರು. 1933ರ ಮುಗ್ಗಟ್ಟು ಕೊನೆಗೊಂಡಿತೆಂಬುದು ನೋಡುವವರಿಗೆ ಗೊತ್ತಿತ್ತು. ಆ ಹಳೆಯ ಕಷ್ಟ ಅವರಿಗೆ ಧೈರ್ಯ ಕೊಡಲು ಅದೇ ಕಾರಣ.

ತೋರಿಸಿದ್ದು, ತೋರಿಸದ್ದು

ಹೀಗೆ ಹಿಂತಿರುಗಿ ನೋಡುವ ಕಥೆಗಳು ಕೆಲವನ್ನು ಮರೆಸುತ್ತವೆ. ವಾಲ್ಟನ್ ಕುಟುಂಬಕ್ಕೆ ಹಣವಿಲ್ಲದಿದ್ದರೂ ಸ್ವಂತ ಮನೆಯಿತ್ತು, ಹಸುವಿತ್ತು, ಉರಿಸಲು ಸೌದೆಯಿತ್ತು. 1933ರಲ್ಲಿ ಇಷ್ಟೂ ಇಲ್ಲದವರ ಸಂಖ್ಯೆ ದೊಡ್ಡದು. ಕೆಲಸ ಹುಡುಕಿಯೋ ಮನೆಗೆ ಹೊರೆಯಾಗಬಾರದೆಂದೋ ಗೂಡ್ಸ್ ರೈಲು ಹತ್ತಿ ಊರೂರು ಅಲೆದ ಹರೆಯದ ಹುಡುಗ ಹುಡುಗಿಯರೇ ಎರಡೂವರೆ ಲಕ್ಷದಷ್ಟಿದ್ದರೆಂಬ ಅಂದಾಜಿದೆ. ಜಾನ್-ಬಾಯ್‌ನ ವಯಸ್ಸಿನವರು ಅವರು. ಆ ವರ್ಷಗಳಲ್ಲಿ ವಿಚ್ಛೇದನಗಳು ಕಡಿಮೆಯಾದವು ನಿಜ, ಆದರೆ ಅದಕ್ಕೆ ದಾಂಪತ್ಯದ ಸೊಗಸು ಕಾರಣವಲ್ಲ. ನ್ಯಾಯಾಲಯದ ಖರ್ಚಿಗೆ ಹಣವಿರಲಿಲ್ಲ. ಹೆಂಡತಿ ಮಕ್ಕಳನ್ನು ಬಿಟ್ಟು ಸದ್ದಿಲ್ಲದೆ ಹೊರಟುಹೋದ ಗಂಡಸರು ಬಹಳ ಮಂದಿ. ಮನೆಗೆ ಬಾರದ ಅಪ್ಪ ಎಂಬುದು ಆಗ ಒಂದು ರಾತ್ರಿಯ ಆತಂಕವಾಗಿರಲಿಲ್ಲ. ಎಷ್ಟೋ ಮಕ್ಕಳಿಗೆ ಅದು ಉಳಿದ ಬಾಳಿನ ಮಾತಾಗಿತ್ತು.

ವರ್ಜೀನಿಯಾದ ವರ್ಣಭೇದವೂ ಚಿತ್ರದಲ್ಲಿ ಮೆತ್ತಗಾಗಿದೆ. ಸಾರ್ವಜನಿಕ ಸಭಾಂಗಣಗಳಲ್ಲಿ ಬಿಳಿಯರೂ ಕಪ್ಪು ಜನರೂ ಬೇರೆ ಬೇರೆಯಾಗಿ ಕೂರಬೇಕೆಂದು 1926ರಲ್ಲಿ ಕಾನೂನನ್ನೇ ಮಾಡಿದ್ದ ರಾಜ್ಯ ಅದು. ಶಾಲೆಗಳೂ ಬೇರೆಯೇ. ಕ್ಲೀವನ್ ಲಿಟಲ್ ಅಭಿನಯಿಸಿದ ಕಪ್ಪು ಬೋಧಕ ಬಿಳಿಯ ಹುಡುಗನಿಗೆ ನೆರವಾಗುವ ದೃಶ್ಯ ಹೃದ್ಯವಾಗಿದೆ. ಆದರೆ ಮುಗ್ಗಟ್ಟಿನಲ್ಲಿ ಮೊದಲು ಕೆಲಸ ಕಳೆದುಕೊಂಡವರು ಆ ಬೋಧಕನ ಚರ್ಚಿನ ಜನರೇ. ಅವರ ಮನೆಗಳಲ್ಲಿ ಅಂದು ರಾತ್ರಿ ಏನು ಬೆಂದಿತ್ತೆಂಬುದನ್ನು ಕಥೆ ಕೇಳುವುದಿಲ್ಲ.

ಅದೇ ಬ್ಲೂ ರಿಡ್ಜ್ ಸಾಲಿನಲ್ಲಿ, ಅದೇ ದಶಕದಲ್ಲಿ, ಶೆನಂಡೋವಾ ರಾಷ್ಟ್ರೀಯ ಉದ್ಯಾನಕ್ಕಾಗಿ ಸುಮಾರು 500 ಕುಟುಂಬಗಳು ಬೆಟ್ಟದ ಮೇಲಿನ ಮನೆ ತೊರೆಯಬೇಕಾಯಿತು. 1935ರಲ್ಲಿ ಉದ್ಯಾನ ಸ್ಥಾಪನೆಯಾಯಿತು. ಬೆಟ್ಟದ ಸಂಸಾರವೆಂಬುದು ಟೆಲಿವಿಷನ್‌ನಲ್ಲಿ ದೇಶದ ಕಣ್ಮಣಿಯಾಗುವ ನಾಲ್ಕು ದಶಕ ಮೊದಲು, ನಿಜವಾದ ಬೆಟ್ಟದ ಸಂಸಾರಗಳು ತಮ್ಮ ಸಾಮಾನು ಹೇರಿಕೊಂಡು ಕೆಳಗಿಳಿದಿದ್ದವು.

ಇಷ್ಟೆಲ್ಲ ಹೇಳಿದ ಮೇಲೂ ಹ್ಯಾಮ್ನರ್ ಅವರ ಪ್ರಾಮಾಣಿಕತೆಗೆ ಕುಂದಿಲ್ಲ. ಬಡತನದಿಂದ ಪ್ರೀತಿ ಹುಟ್ಟುತ್ತದೆಂದು ಅವರ ಕಥೆ ಎಲ್ಲಿಯೂ ಹೇಳುವುದಿಲ್ಲ. ಊರಿನ ಕೆಲಸ ನಿಂತದ್ದರಿಂದ ಅಪ್ಪ ಮನೆಯಿಂದ ದೂರವಾದ. ಸಂಬಳಕ್ಕಾಗಿ ದೂರವಾದವನು ಬರುವಾಗ ದಾರಿಯಲ್ಲಿ ಅಪಾಯವಿತ್ತು. ಕಥೆಯ ಆತಂಕವೆಲ್ಲ ಹುಟ್ಟಿದ್ದು ಇಲ್ಲಿಂದ. ಬರಗಾಲದಲ್ಲಿ ಗುಳೆ ಹೋದವರ ಮನೆಯಲ್ಲಿ ಹಬ್ಬದ ದಿನ ಬಾಗಿಲ ಕಡೆ ನೋಡುತ್ತ ಕುಳಿತ ಹೆಂಗಸರು, ಮಕ್ಕಳು ಈ ಕಥೆಯನ್ನು ಯಾರ ವಿವರಣೆಯೂ ಇಲ್ಲದೆ ಗುರುತಿಸಬಲ್ಲರು.

ಅಧ್ಯಕ್ಷರ ಮಾತು, ಕಾರ್ಟೂನಿನ ಉತ್ತರ

ಕಥೆಯ ಈ ಭಾಗವನ್ನು ಮರೆತರೆ ಏನಾಗುತ್ತದೆಂಬುದಕ್ಕೆ 1992ರಲ್ಲಿ ಒಂದು ನಿದರ್ಶನ ಸಿಕ್ಕಿತು. ಅದು ಅಮೆರಿಕದಲ್ಲಿ ಚುನಾವಣೆಯ ವರ್ಷ. ಆರ್ಥಿಕ ಹಿಂಜರಿತದಿಂದ ದೇಶ ಪೂರ್ತಿ ಚೇತರಿಸಿಕೊಂಡಿರಲಿಲ್ಲ, ನಿರುದ್ಯೋಗ ಶೇ. 7ನ್ನು ಮೀರಿತ್ತು. ಅಧ್ಯಕ್ಷ ಜಾರ್ಜ್ ಬುಷ್ ಜನವರಿ ತಿಂಗಳ ಭಾಷಣವೊಂದರಲ್ಲಿ, ಅಮೆರಿಕದ ಕುಟುಂಬಗಳು 'ಸಿಂಪ್ಸನ್ಸ್' ಕುಟುಂಬಕ್ಕಿಂತ ವಾಲ್ಟನ್ ಕುಟುಂಬದಂತಿರಬೇಕೆಂಬ ಅರ್ಥದ ಮಾತನಾಡಿದರು. 'ದಿ ಸಿಂಪ್ಸನ್ಸ್' ಆಗಿನ ಜನಪ್ರಿಯ ವ್ಯಂಗ್ಯ ಕಾರ್ಟೂನ್ ಸರಣಿ. ಒಂದು ಅಡ್ಡಾದಿಡ್ಡಿ ಸಂಸಾರದ ಕಥೆ. ಕೆಲವೇ ದಿನಗಳಲ್ಲಿ ಸರಣಿಯ ತಯಾರಕರು ಒಂದು ಪುಟ್ಟ ದೃಶ್ಯವನ್ನು ಸೇರಿಸಿ ಉತ್ತರ ಕೊಟ್ಟರು. ಭಾಷಣವನ್ನು ಟೆಲಿವಿಷನ್‌ನಲ್ಲಿ ನೋಡುವ ಹುಡುಗ ಬಾರ್ಟ್, ತಾವೂ ವಾಲ್ಟನ್ನರಂತೆಯೇ ಇದ್ದೇವೆ, ಆರ್ಥಿಕ ಮುಗ್ಗಟ್ಟು ಮುಗಿಯಲೆಂದು ತಾವೂ ಪ್ರಾರ್ಥಿಸುತ್ತಿದ್ದೇವೆ ಎನ್ನುತ್ತಾನೆ.

ಬಾರ್ಟ್ ಆಡಿದ್ದು ತಮಾಷೆಗಾದರೂ ಕಥೆಯನ್ನು ಸರಿಯಾಗಿ ಓದಿದವನು ಅವನೇ ಎನ್ನಬೇಕು. ವಾಲ್ಟನ್ನರ ಒಗ್ಗಟ್ಟು, ದುಡಿಮೆ, ದೈವಭಕ್ತಿಗಳನ್ನು ಅಧ್ಯಕ್ಷರು ಕಂಡರು. ಅವರ ಮನೆಯ ಯಜಮಾನ ಕೆಲಸವಿಲ್ಲದೆ ಊರು ಬಿಟ್ಟಿದ್ದ ಎಂಬುದು ಅವರ ಮಾತಿನಲ್ಲಿ ಬಿಟ್ಟುಹೋಗಿತ್ತು. ಬಡವರ ಸದ್ಗುಣಗಳನ್ನು ಹೊಗಳಿ, ಬಡತನದ ಕಾರಣದ ಬಗ್ಗೆ ಸುಮ್ಮನಿರುವುದು ಆಳುವವರಿಗೆ ಎಲ್ಲ ದೇಶಗಳಲ್ಲೂ ಸುಲಭದ ದಾರಿ. ಆ ನವೆಂಬರ್‌ನಲ್ಲಿ ಬುಷ್ ಚುನಾವಣೆಯಲ್ಲಿ ಸೋತರು. ಆರ್ಥಿಕ ಸ್ಥಿತಿಯೇ ಮುಖ್ಯ ಕಾರಣವೆಂದು ಬಹುತೇಕ ವಿಶ್ಲೇಷಕರು ಬರೆದರು.

ಅದೇ 1992ರಲ್ಲಿ ಸ್ಕೈಲರ್‌ನ ಹಳೆಯ ಶಾಲೆಯ ಕಟ್ಟಡದಲ್ಲಿ ವಾಲ್ಟನ್ ಕುಟುಂಬದ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಬಳಪದ ಕಲ್ಲು ತಂದ ಹೆಸರಿಗಿಂತ ದೊಡ್ಡ ಹೆಸರನ್ನು ಊರಿಗೆ ತಂದುಕೊಟ್ಟದ್ದು ಅಲ್ಲಿನ ಒಂದು ಮನೆಯ ಕಥೆ. ಹ್ಯಾಮ್ನರ್ 2016ರ ಮಾರ್ಚ್‌ನಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. 2021ರ ನವೆಂಬರ್‌ನಲ್ಲಿ 'ದಿ ಹೋಮ್‌ಕಮಿಂಗ್' ಹೊಸ ಕಲಾವಿದರೊಡನೆ ಮತ್ತೊಮ್ಮೆ ಟೆಲಿವಿಷನ್ ಚಿತ್ರವಾಯಿತು. ಐವತ್ತು ವರ್ಷಗಳ ಹಿಂದೆ ಜಾನ್-ಬಾಯ್ ಆಗಿದ್ದ ರಿಚರ್ಡ್ ಥಾಮಸ್ ಈ ಬಾರಿ ವಯಸ್ಸಾದ ಜಾನ್-ಬಾಯ್‌ನ ದನಿಯಲ್ಲಿ ಕಥೆ ಹೇಳಿದರು. ಕೋವಿಡ್ ಬಂದು ಲಕ್ಷಾಂತರ ಮಂದಿ ತಮ್ಮವರಿಂದ ದೂರವೇ ಉಳಿದು ಹಬ್ಬ ಕಳೆದಿದ್ದ ಮರುವರ್ಷ ಅದು.

ಪ್ರತಿ ಕಷ್ಟಕಾಲದಲ್ಲೂ ಈ ಕಥೆ ಮತ್ತೆ ತಲೆಯೆತ್ತುವುದು ಆಕಸ್ಮಿಕವಲ್ಲ. ಹಬ್ಬದ ಚಿತ್ರವಾಗಿ ಅದು ನೋಡುವವರಿಗೆ ಸಮಾಧಾನ ಕೊಡುತ್ತದೆ. ಅದರೊಳಗಿನ ಲೆಕ್ಕ ಮಾತ್ರ ಸ್ಪಷ್ಟವಾಗಿದೆ: ಅಡುಗೆಮನೆಯಲ್ಲಿ ಹತ್ತು ಮಂದಿ, ಒಬ್ಬನ ವಾರದ ಸಂಬಳ, ಮೂವತ್ತು ಮೈಲಿಯ ಬಸ್ಸು, ಆರು ಮೈಲಿಯ ನಡಿಗೆ. ಅಪ್ಪ ಬಂದದ್ದರಿಂದ ಆ ರಾತ್ರಿ ಹಬ್ಬವಾಯಿತು. ರಜೆ ಮುಗಿದ ಮೇಲೆ ಅವನು ಮತ್ತೆ ಅದೇ ದಾರಿಯಲ್ಲಿ ಕಾರ್ಖಾನೆಗೆ ಹೊರಡಬೇಕಿತ್ತು.